ಒಡ್ಡಿನ ಬುಡದ ಮಣ್ಣು

ಅವ್ವನನ್ನು ಮನೆಯಿಂದ ಹೊರಗೆ ಹಾಕಿದವನು ಅಪ್ಪ ಎಂದು ನಮ್ಮ ಮಂದಿ ಇವತ್ತಿಗೂ ಹೇಳುತ್ತಾರೆ. ಹೇಳಲಿ. ಅಪ್ಪ ಸತ್ತು ಎಷ್ಟೋ ವರ್ಷವಾಯಿತು, ಸತ್ತವನ ಮೇಲೆ ಎಷ್ಟು ಹೊರಿಸಿದರೂ ಅವನ ಬೆನ್ನು ಬಾಗುವುದಿಲ್ಲ. ಖರೇ ಹೇಳಬೇಕೆಂದರೆ ಹೊರಗೆ ಹಾಕಿದವಳು ನಾನು. ಆಗ ನನಗೆ ಒಂಬತ್ತು ವರ್ಷ. ಆಡಿದ್ದು ಒಂದೇ ಒಂದು ಮಾತು, ಅದೂ ಹಾಡಹಗಲು, ಇಡೀ ಮನೆಸಾಲಿನ ಮಂದಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕೇಳುತ್ತಿದ್ದಾಗ. ಆ ಮಾತನ್ನು ಬರೆಯಬೇಕಾದರೆ ಮೊದಲು ಆ ಮನೆ, ಆ ಮನೆಯ ಹಿಂದಿನ ಒಡ್ಡು, ಒಡ್ಡಿನಾಚೆಯ ಗಿಡಗಳು ಇವನ್ನೆಲ್ಲ ಬರೆಯಬೇಕು. ಇಷ್ಟು ವರ್ಷ ಬರೆಯದೆ ತಪ್ಪಿಸಿಕೊಂಡೆ. ಇನ್ನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ನಾವು ಮುದ್ದೇಬಿಹಾಳದ ಕಡೆಯವರು. ಹೊಲಕ್ಕೆ ಒಡ್ಡು ಹಾಕುವುದರಲ್ಲಿ ಅಪ್ಪ ಸುತ್ತ ಹಳ್ಳಿಗಳಿಗೆಲ್ಲ ಹೆಸರಾದವನು. ಮುಂಬಯಿಗೆ ಬಂದ ಮೇಲೆ ಬಿಲ್ಡಿಂಗುಗಳ ಪಾಯ ಅಗೆಯುವ ಗ್ಯಾಂಗಿಗೆ ಮುಕಾದಮನಾದ. ಮೊದಲು ಕೆಲಸ ನಡೆದಲ್ಲೇ ಗುಡಿಸಲು, ಬಿಲ್ಡಿಂಗು ಎದ್ದಿತೆಂದರೆ ನಾವು ಎದ್ದೆವು. ಹೀಗೆ ಅಲೆದು ಸಾಕಾಗಿ ಅಪ್ಪ ದಹಿಸರದಲ್ಲಿ, ಸ್ಟೇಶನ್ನಿನ ಪಶ್ಚಿಮಕ್ಕೆ ಉಪ್ಪಿನ ಗದ್ದೆಗಳನ್ನು ದಾಟಿ, ಸಮುದ್ರದ ನೀರು ಒಳಗೆ ನುಗ್ಗಿ ಬರುವ ಖಾಡಿಯ ದಂಡೆಯಲ್ಲಿ ಯಾರೂ ಕೇಳದ ಒಂದು ಜಾಗ ಕಂಡುಹಿಡಿದ. ನೀರು ಎಲ್ಲಿಯವರೆಗೆ ಬರುತ್ತದೆಂದು ನೋಡಲು ಒಂದು ಗೂಟ ಬಡಿದು ಐದು ದಿನ ಕಾದ. ನೀರು ಗೂಟದ ಹತ್ತಿರಕ್ಕೂ ಬರಲಿಲ್ಲ. ಗೂಟದ ಈಚೆಗೆ ಇಪ್ಪತ್ತು ಮನೆಗೆ ಜಾಗ ಗುರುತು ಹಾಕಿ ಊರ ಮಂದಿಯನ್ನೆಲ್ಲ ಕರೆದು ಕೂರಿಸಿದ. ಆ ಐದು ದಿನ ಅಷ್ಟಮಿಯ ಹಿಂದುಮುಂದಿನ ದಿನಗಳು. ಅಷ್ಟಮಿಗೆ ಸಮುದ್ರ ಸೋಮಾರಿ, ಅಮಾವಾಸ್ಯೆ ಹುಣ್ಣಿಮೆಗೆ ಅದಕ್ಕೆ ಹುಚ್ಚು ಎಂಬುದು ಕೋಳಿಗರ ಕೂಸಿಗೂ ಗೊತ್ತು, ಅವರು ಹುಟ್ಟಾ ಮೀನುಗಾರರು. ನಮಗೆ ಹೇಗೆ ಗೊತ್ತಿರಬೇಕು? ನಾವು ಕಂಡ ನೀರೆಲ್ಲ ಮೇಲಿನಿಂದ ಕೆಳಕ್ಕೆ ಹರಿಯುವ ನೀರು. ಅಮಾವಾಸ್ಯೆಗೆ ನೀರು ಗೂಟವನ್ನು ಮುಳುಗಿಸಿ ಹೊಸ್ತಿಲು ನೆಕ್ಕಿ ಹೋದಾಗ ಅಪ್ಪ ತಪ್ಪೆಂದು ಒಪ್ಪಲಿಲ್ಲ. ಲಾರಿಯವರಿಗೆ ಹೇಳಿ ಕೆಡವಿದ ಮನೆಗಳ ಕಲ್ಲುಮಣ್ಣು ತರಿಸಿ, ಮನೆಗಳ ಹಿಂದೆ ಉದ್ದಕ್ಕೆ ಎದೆಯೆತ್ತರದ ಒಡ್ಡು ಹಾಕಿಸಿದ.

ಮನೆ ಎಂದರೆ ಎರಡು ಕೋಣೆ. ಬಿದಿರು ತಟ್ಟಿಯ ಗೋಡೆ, ಮೇಲೆ ತಗಡಿನ ಪತ್ರಾ. ಮುಂದಿನ ಕೋಣೆಯಲ್ಲಿ ಅಪ್ಪನ ತಾಯಿಯ ಹೊರಸು. ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ಸೊಂಟ ಬಿದ್ದು ಹೋಗಿತ್ತು, ಕಾಲು ಆಡುತ್ತಿರಲಿಲ್ಲ. ಆ ಕಾಲುಗಳ ಕೆಲಸವನ್ನೂ ಸೇರಿಸಿ ಅವಳ ನಾಲಿಗೆಯೇ ಮಾಡುತ್ತಿತ್ತು. ಒಳಗಿನ ಕೋಣೆಯಲ್ಲಿ ಒಲೆ, ಒಲೆಯ ಎದುರು ಅವ್ವ. ಒಲೆಗೆ ಖಾಡಿಯ ಗಿಡದ ಕಟ್ಟಿಗೆ. ಉಪ್ಪು ಹೀರಿದ ಕಟ್ಟಿಗೆಯಾದ್ದರಿಂದ ಚಟಚಟ ಸಿಡಿಯುತ್ತಿತ್ತು, ಅವ್ವನ ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಕಲೆ. ಅಪ್ಪ ಮೊದಲು ಉಣ್ಣುತ್ತಿದ್ದ, ಆಮೇಲೆ ಆಯಿ, ಕೊನೆಗೆ ಅವ್ವ. ನಾನು ಮಾತ್ರ ಅಪ್ಪನ ತಾಟಿಗೆ ತಾಟು ಹಚ್ಚಿ ಕೂರುತ್ತಿದ್ದೆ. ರೊಟ್ಟಿಯ ಮೇಲೆ ಅವನಿಗೆ ಬಿದ್ದ ತುಪ್ಪದಲ್ಲಿ ಒಂದು ಬೆರಳಷ್ಟು ನನಗೂ ಬೀಳುತ್ತಿತ್ತು, ಜೊತೆಗೆ 'ಮಗನ' ಎಂಬ ಕರೆಯೂ. ಗಂಡು ಹುಟ್ಟದ ಮನೆಯಲ್ಲಿ ಹೆಣ್ಣಿಗೆ ಸಿಗುವ ದೊಡ್ಡ ಬಿರುದು ಅದು. ತುಪ್ಪಕ್ಕಾಗಿ, ಆ ಕರೆಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಅವ್ವ ಸಕ್ಕರೆ ಡಬ್ಬಿ ತೆಗೆದದ್ದು, ನೀರಿನ ಬೋರಿಂಗಿನ ಹತ್ತಿರ ನಿಂತು ಯಾರೊಂದಿಗೋ ನಕ್ಕದ್ದು, ಎಲ್ಲ ವರದಿ ಸಂಜೆ ತಾಟಿನ ಮುಂದೆ ಒಪ್ಪಿಸುವವಳು ನಾನೇ.

ಒಡ್ಡಿನಾಚೆ ನೋಡಿದಲ್ಲೆಲ್ಲ ಗಿಡ. ದಪ್ಪ ಎಲೆ, ಮೇಲೆ ಹಸಿರು, ಕೆಳಗೆ ಬೂದಿ ಬಣ್ಣ. ಅಲ್ಲಿಯವರು ಅದಕ್ಕೆ ತಿವರ ಎನ್ನುತ್ತಿದ್ದರು. ನಮ್ಮ ಕರಾವಳಿಯಲ್ಲಿ ಕಾಂಡ್ಲಾ ಎನ್ನುತ್ತಾರೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ, ಫೋರ್ಟಿನ ಉಡುಪಿ ಹೋಟೆಲಿನ ಗಲ್ಲೆಯ ಮೇಲಿದ್ದ ಮುದುಕರಿಂದ. ಗಿಡದ ಸುತ್ತ ಕೆಸರಿನಿಂದ ಸಾವಿರಾರು ಬೇರು ಪೆನ್ಸಿಲಿನ ಹಾಗೆ ಮೇಲಕ್ಕೆ ಮೂತಿ ಮಾಡಿ ನಿಂತಿರುತ್ತಿದ್ದವು. ಬರಿಗಾಲಲ್ಲಿ ಹೋದರೆ ಚುಚ್ಚುತ್ತಿದ್ದವು. ಅಪ್ಪನಿಗೆ ಆ ಗಿಡ ಕಂಡರೆ ಮೈಯೆಲ್ಲ ಉರಿ. ನಮ್ಮ ಕಡೆ ಒಡ್ಡಿನ ಮೇಲೆ ಜಾಲಿ ಬೆಳೆಯಲು ಬಿಟ್ಟವನು ಮೈಗಳ್ಳ ರೈತ. ಜಾಲಿ ಬೆಳೆದರೆ ಇಲಿ ಬಿಲ ತೋಡುತ್ತದೆ, ಬಿಲದಲ್ಲಿ ನೀರು ನುಗ್ಗಿ ಒಡ್ಡು ಒಡೆಯುತ್ತದೆ. ಆದ್ದರಿಂದ ಛಲೋ ಒಡ್ಡು ಎಂದರೆ ಬೋಳು ಒಡ್ಡು. ಅಪ್ಪ ಅದೇ ಲೆಕ್ಕದಲ್ಲಿ ಗ್ಯಾಂಗಿನವರಿಗೆ ಕೊಡಲಿ ಕೊಟ್ಟು ಮೊದಲು ಹತ್ತಿರದ ಗಿಡಗಳನ್ನು ಕಡಿಸಿದ. ಕಡಿದದ್ದು ಸಾಲಿನ ಇಪ್ಪತ್ತು ಒಲೆಗೂ ವರ್ಷವಿಡೀ ಆಯಿತು. ಎಲ್ಲರೂ ಅವನನ್ನು ಕೊಂಡಾಡಿದರು.

ಕೋಳಿವಾಡೆಯ ಹೌಸಾಬಾಯಿ ಎಂಬ ಮುದುಕಿ ದಿನಾ ಇಳಿತದ ಹೊತ್ತಿಗೆ ಆ ಗಿಡಗಳ ಬುಡದಲ್ಲಿ ಏಡಿ ಹಿಡಿಯಲು ಬರುತ್ತಿದ್ದಳು. ಸೊಂಟಕ್ಕೆ ಬುಟ್ಟಿ, ಕಾಲಿಗೆ ಕೆಸರಿನ ಬೂಟು. ಅವ್ವನಿಗೂ ಅವಳಿಗೂ ಹೇಗೆ ಗೆಳೆತನ ಬೆಳೆಯಿತೋ, ಒಬ್ಬಳ ಭಾಷೆ ಇನ್ನೊಬ್ಬಳಿಗೆ ಅರ್ಧಂಬರ್ಧ. ಕೊಡಲಿ ಬಿದ್ದ ದಿನ ಮುದುಕಿ ಒಡ್ಡು ಹತ್ತಿ ಬಂದು ಕೂಗಾಡಿದಳು:

"ಏ ಕಾಶೀ, ತೇರೇ ಮರದ್ ಕೋ ಬೋಲ್, ತಿವರ್ ಮತ್ ಕಾಟ್! ತಿವರ್ ಗಯಾ ತೋ ಘರ್ ಗಯಾ!"

ತಿವರ ಹೋದರೆ ಮನೆ ಹೋಯಿತು ಎಂಬಷ್ಟು ನನಗೂ ತಿಳಿಯಿತು. ಅವ್ವ ಕಾಶವ್ವ ಜನ್ಮದಲ್ಲಿ ಅಪ್ಪನಿಗೆ ಎದುರಾಡಿದವಳಲ್ಲ. ಆ ಸಂಜೆ ಅವನ ತಾಟಿಗೆ ಝುಣಕ ಬಡಿಸುತ್ತ ಬಾಯಿ ತೆರೆದಳು.

"ನಾ ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ನೆಟ್ಟನ ಬೇರು ಅದಾವಲ್ರೀ, ಅವು ಗಿಡದ ಮೂಗಂತ. ಕೆಸರಾಗ ಉಸುರು ಆಡಾಂಗಿಲ್ಲಂತ ಮ್ಯಾಲ ಬಂದು ಉಸುರು ಬಿಡ್ತಾವಂತ. ಮೀನದ ಮರಿ, ಏಡಿ ಮರಿ ಎಲ್ಲಾ ಅವುಗಳ ನಡುವನ ಬೆಳೀತಾವಂತ. ಸಮುದ್ರ ಸಿಟ್ಟಿಗೆದ್ದು ಬಂದಾಗ ಹೊಡತಾ ಮೊದಲ ಅವು ತಿಂತಾವಂತ. ಮುಂದಿನ ಸಾಲರೆ ಬಿಡ್ರಿ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಹೊಡತಾ ತಿನ್ನಾಕ ಗಿಡಾ ಯಾಕ ಬೇಕ? ನೀ ಇಲ್ಲೇನ?"

ಆಯಿ ಹೊರಸಿನ ಮೇಲೆ ಕಿಸಕ್ಕೆಂದು ನಕ್ಕಳು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ, ಅಪ್ಪನ ಕಡೆ ನೋಡುತ್ತ, ಅವನಿಗೆ ಕೇಳಿಸಲೆಂದು. ಅವ್ವ ಝುಣಕದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮೊದಲ ಮಳೆಗಾಲ ಒಡ್ಡು ತಡೆಯಿತು. ತಡೆದದ್ದು ಒಡ್ಡಲ್ಲ, ದೂರದಲ್ಲಿ ಇನ್ನೂ ಕಡಿಯದೆ ಉಳಿದಿದ್ದ ಗಿಡಗಳು. ತೆರೆ ಅಲ್ಲಿ ಮುರಿದು, ಸುಸ್ತಾಗಿ, ಒಡ್ಡಿಗೆ ಬಂದು ಬರೇ ಒರಗುತ್ತಿತ್ತು. ಅಪ್ಪ ಮೀಸೆ ತಿರುವಿದ. ಮಳೆ ನಿಂತ ಮೇಲೆ ಆ ಗಿಡಗಳನ್ನೂ ಕಡಿಸಿ ಒಡ್ಡಿನಾಚೆ ಬಯಲು ಮಾಡಿದ, ಮುಂದಿನ ವರ್ಷ ಅಲ್ಲಿಯೂ ಮಣ್ಣಿನ ಭರಣಿ ಹಾಕಿ ಇನ್ನಿಪ್ಪತ್ತು ಮನೆ ಎಬ್ಬಿಸುತ್ತೇನೆಂದ. ಆ ದಿನ ಅವ್ವ ಕೊಡಲಿಯವರ ಮುಂದೆ ಹೋಗಿ ನಿಂತಳು. ಅಪ್ಪ ಕಡಿದು ಬಿದ್ದಿದ್ದ ಒಂದು ಟೊಂಗೆ ಎತ್ತಿಕೊಂಡು ಗ್ಯಾಂಗಿನವರ ಎದುರೇ ಬಾರಿಸಿದ. ಹಸಿ ಟೊಂಗೆ, ಮುರಿಯಲಿಲ್ಲ. ಅವನಿಗೆ ಸಾಕಾಗುವವರೆಗೆ ಬಾರಿಸಿದ. ಯಾರೂ ಬಿಡಿಸಲಿಲ್ಲ, ಮುಕಾದಮನ ಕೈ ಹಿಡಿದರೆ ನಾಳೆ ಕೆಲಸವಿಲ್ಲ. ರಾತ್ರಿ ಬೆನ್ನಿಗೆ ಎಣ್ಣೆ ಹಚ್ಚಲು ಅವ್ವ ನನ್ನನ್ನು ಕರೆದಳು. ನಿದ್ದೆ ಬಂದವಳಂತೆ ಬಿದ್ದುಕೊಂಡೆ.

ಆಯಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಊರಲ್ಲಿ ಒಂದು ಹುಡುಗಿಯನ್ನು ಆಗಲೇ ನೋಡಿಟ್ಟಿದ್ದಳು.

"ಇನ್ನೆಷ್ಟ ದಿನಾ ಈ ಬಂಜರ ಭೂಮಿ ಊಳತೀಯೋ ದುರಗಪ್ಪಾ? ಒಂದ ಹೆಣ್ಣ ಕೆಡವಿ ಕುಂತಾಳ. ಕಳಿಸಿಬಿಡು ತವರಿಗೆ."

"ಸುಮ್ಮಸುಮ್ಮನ ಕಳಿಸಿದ್ರ ಊರ ದೈವ ಬಿಡ್ತದೇನಬೇ? ಕಾರಣ ಕೇಳ್ತಾರ. ಒಂದು ತಪ್ಪ ಮಾಡಲಿ, ಮಂದಿಗೆ ಕಾಣೂವಂಥಾದ್ದು. ಆವಾಗ ನೋಡೂನು."

ದೈವವೆಂದರೆ ಊರ ಹಿರಿಯರು. ಈ ಮಾತು ಅವರು ಗುಟ್ಟಾಗಿಯೇನೂ ಆಡಿಕೊಳ್ಳಲಿಲ್ಲ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊರಸಿನ ಕಾಲಿಗೆ ಒರಗಿ ಕೂತಿದ್ದೆ. ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅಂದಿನಿಂದ ಆ ಮನೆಯಲ್ಲಿ ಅವ್ವನಿಗೆ ಬೇಕಾಗಿದ್ದದ್ದು ಒಂದೇ, ತನ್ನ ಮೇಲೆ ತಪ್ಪು ಬಾರದಿರುವುದು. ಉಳಿದ ಇಬ್ಬರಿಗೆ ಬೇಕಾಗಿದ್ದದ್ದೂ ಒಂದೇ. ನನಗೆ ಇದೆಲ್ಲ ತಿಳಿದಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮಕ್ಕಳ ಅರಿಯದ ಬುದ್ಧಿ ಎಂದು ಯಾರೂ ನನ್ನ ಪರ ವಾದಿಸುವುದು ಬೇಡ.

ಗಿಡ ಕಡಿದರೂ ಬೀಜಗಳು ನೀರಿನ ಮೇಲೆ ತೇಲಿ ಬಂದು ಒಡ್ಡಿನ ಬುಡಕ್ಕೆ ಹತ್ತುತ್ತಿದ್ದವು. ನೆನೆದ ಅವರೆಕಾಳಿನ ಹಾಗೆ ಚಪ್ಪಟೆ, ಗಾತ್ರ ಮಾತ್ರ ದೊಡ್ಡದು. ಸಿಪ್ಪೆ ಬಿಚ್ಚಿಕೊಂಡು ಆಗಲೇ ಮೊಳಕೆ ಒಡೆದಿರುತ್ತಿತ್ತು. ಹೌಸಾಬಾಯಿ ತೋರಿಸಿಕೊಟ್ಟಂತೆ ಅವ್ವ ಅವನ್ನು ಆರಿಸಿ, ಅಪ್ಪ ಕೆಲಸಕ್ಕೆ ಹೋದ ಮೇಲೆ, ಒಡ್ಡಿನಾಚೆಯ ಬುಡದಲ್ಲಿ ಕಳೆ ತೆಗೆಯುವ ಖುರಪಿಯಿಂದ ಸಾಲಾಗಿ ಊರಿದಳು. ಮಧ್ಯಾಹ್ನ ಆಯಿಗೆ ಜೊಂಪು ಹತ್ತಿದಾಗ ಹೋಗಿ ಕಸ ತೆಗೆದು, ಏಡಿ ಕಡಿಯದ ಹಾಗೆ ಸುತ್ತ ಕಡ್ಡಿ ನೆಟ್ಟು ಬರುತ್ತಿದ್ದಳು. ಚಳಿಗಾಲ ಕಳೆದು ಹೋಳಿ ಹುಣ್ಣಿಮೆ ಬರುವಾಗ ಗೇಣುದ್ದ ಬೆಳೆದಿದ್ದವು. ಒಂದು ದಿನ ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದಳು. ಎಲೆ ಕಿತ್ತು ನಾಲಿಗೆಗೆ ಮುಟ್ಟಿಸಿದಳು, ಉಪ್ಪು.

"ನೋಡವಾ, ಉಪ್ಪು ಕುಡದು ಎಲಿ ಮ್ಯಾಲ ಉಗಳ್ತಾವ. ಎಂಥಾ ಗಟ್ಟಿ ಜೀವ. ಇವು ದೊಡ್ಡವಾದವು ಅಂದ್ರ ನಿನ್ನ ಲಗ್ನದ ಹಂದರಕ್ಕ ಟೊಂಗಿ ಇಲ್ಲಿಂದನ ತರೂನು. ಅಪ್ಪಗ ಹೇಳಬ್ಯಾಡ, ಸಾವಿ. ನನ್ನ ಆಣಿ ಮಾಡು."

ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ತಲೆ ಬಿಸಿಲಿಗೆ ಕಾದಿತ್ತು. ಆಣೆ ಮೂರು ದಿನ ತಡೆಯಿತು. ಮೂರನೆಯ ಸಂಜೆ ಅಪ್ಪ ಯಾರ ಮೇಲಿನ ಸಿಟ್ಟಿಗೋ ಏನೋ, ನನ್ನ ತಾಟನ್ನು ಕಾಲಿನಿಂದ ಸರಿಸಿ, "ಅತ್ತಾಗ ಹೋಗಿ ನಿಮ್ಮವ್ವನ ಕೂಡ ಉಣ್ಣು, ಹೆಣ್ಣುಹುಡುಗಿ ನೀ" ಎಂದ. ನನಗೆ ಭೂಮಿ ಬಿರಿದಂತಾಯಿತು. ಅಳು ನುಂಗಿಕೊಂಡು ಅಲ್ಲೇ ನಿಂತು ಹೇಳಿಬಿಟ್ಟೆ:

"ಅಪ್ಪಾ, ಅವ್ವ ಒಡ್ಡಿನ ಹಿಂದ ಗಿಡಾ ಹಚ್ಚ್ಯಾಳ."

ಅಪ್ಪ ನನ್ನ ತಾಟನ್ನು ತಾನೇ ಹತ್ತಿರಕ್ಕೆ ಎಳೆದುಕೊಂಡ. ತುಪ್ಪ ಹಾಕಿದ, ಎರಡು ಬೆರಳಷ್ಟು. ಅವ್ವ ಒಲೆಯ ಮುಂದಿನಿಂದ ತಿರುಗಿ ನನ್ನನ್ನು ನೋಡಿದಳು. ಅಪ್ಪ ಅಂದು ಹೊಡೆಯಲೂ ಇಲ್ಲ. ಮರುದಿನ ಬೆಳಿಗ್ಗೆ ಅವಳನ್ನು ಒಡ್ಡಿನ ಮೇಲೆ ನಿಲ್ಲಿಸಿ, "ಕೀಳು ಮಗನ, ಒಂದೂ ಬಿಡಬ್ಯಾಡ" ಎಂದು ನನಗೆ ಹೇಳಿದ. ಕಿತ್ತೆ. ಬೇರು ಗಟ್ಟಿಯಾಗಿ ಹಿಡಿದಿದ್ದವು, ಎರಡೂ ಕೈ ಹಾಕಿ ಎಳೆಯಬೇಕಾಯಿತು, ಒಂದೊಂದು ಗಿಡದ ಜೊತೆ ಬೊಗಸೆ ಬೊಗಸೆ ಮಣ್ಣು ಎದ್ದು ಬಂತು. ನಡುವೆ ತಲೆಯೆತ್ತಿ ಅಪ್ಪ ನೋಡುತ್ತಿದ್ದಾನೆಯೇ ಎಂದು ನೋಡುತ್ತಿದ್ದೆ. ಒಡ್ಡಿನ ಬುಡದ ಉದ್ದಕ್ಕೂ ಗುಳಿ ಬಿದ್ದವು. ಕಿತ್ತ ಗಿಡಗಳನ್ನು ಅಪ್ಪ ಅವ್ವನ ಒಲೆಗೇ ಹಾಕಿಸಿದ. ಹಸಿ ಗಿಡ ಉರಿಯದೆ ಇಡೀ ದಿನ ಹೊಗೆಯಾಡಿತು. ಹೊಗೆಗೆ ಕೆಮ್ಮುತ್ತ ಆಯಿ ಬೈದದ್ದೂ ಅವ್ವನನ್ನೇ.

"ನಿನ್ನ ಬಾಯಾಗ ಮಣ್ಣ ಹಾಕ! ನನ್ನ ಹೊಗಿ ಹಾಕಿ ಕೊಲ್ಲಾಕ ನಿಂತೀಯೇನ?"

ಆ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಮಳೆ ಹಿಡಿದು ಎರಡು ವಾರವಾಗಿತ್ತು. ನಮ್ಮ ಕಡೆ ಈ ಹಬ್ಬಕ್ಕೆ ಹೊಲದ ಎರೆಮಣ್ಣು ತಂದು ಮಕ್ಕಳು ಜೋಡಿ ಎತ್ತು ಮಾಡುತ್ತಾರೆ, ಮುಂದೆ ಮೇವು ಹಾಕುವ ಒಂದು ಗೋದಲಿ ಮಾಡುತ್ತಾರೆ, ಮಧ್ಯಾಹ್ನ ಪೂಜೆ ಮಾಡಿ ಹೋಳಿಗೆ ಎಡೆ ಹಿಡಿಯುತ್ತಾರೆ. ಹೊಲವಿಲ್ಲದ ಮುಂಬಯಿಯಲ್ಲಿ ಎರೆಮಣ್ಣು ಎಲ್ಲಿಂದ ತರಬೇಕು? ಒಡ್ಡಿನ ಮಣ್ಣಿನಲ್ಲಿ ಬರೇ ಇಟ್ಟಿಗೆ ಚೂರು. ಖಾಡಿಯ ನಡುವಿನದು ನಾರುವ ರಾಡಿ. ಆದರೆ ಒಡ್ಡಿನ ಬುಡದಲ್ಲಿ, ನಾನು ಗಿಡ ಕಿತ್ತ ಜಾಗದಲ್ಲಿ, ಬೇರು ಹಿಡಿದಿಟ್ಟಿದ್ದ ಮಣ್ಣು ಊರ ಎರೆಯ ಹಾಗೆಯೇ ಕರ್ರಗೆ, ಬೆಣ್ಣೆಯಂತೆ ನುಣ್ಣಗಿತ್ತು. ಅಪ್ಪ ಬೆಳಿಗ್ಗೆ ಒಡ್ಡಿನ ಮೇಲೆ ನಿಂತು ಇಪ್ಪತ್ತೂ ಮನೆಯವರಿಗೆ ಕೇಳುವಂತೆ ಹೇಳಿದ:

"ಬುಡಕ ಛಲೋ ಮಣ್ಣ ಐತಿ, ಅಲ್ಲೇ ತಗೀರಿ. ಸಾವಿಗೆ ಜಾಗಾ ಗೊತ್ತೈತಿ, ತೋರಸ್ತಾಳ."

ಅವ್ವ ಒದ್ದೆ ಕೈಯಲ್ಲೇ ಓಡಿ ಬಂದಳು.

"ಬ್ಯಾಡ್ರೀ, ಬುಡಾ ಮುಟ್ಟಬ್ಯಾಡ್ರೀ! ಇವತ್ತು ಅಮಾಸಿ. ಮಧ್ಯಾಹ್ನಕ್ಕ ದೊಡ್ಡ ನೀರು ಬರ್ತದಂತ ಹೌಸಾಬಾಯಿ ನಿನ್ನೆನ ಹೇಳ್ಯಾಳ. ಈಗ ಗಿಡಾನೂ ಇಲ್ಲ."

ಅಪ್ಪ ಖಾಡಿಯ ಕಡೆ ಕೈ ಮಾಡಿದ. ನೀರು ಎಂದೂ ಕಾಣದಷ್ಟು ದೂರ ಸರಿದು ಹೋಗಿತ್ತು, ಕಣ್ಣು ಹಾಯುವಷ್ಟೂ ಬರೀ ಕೆಸರು ಹೊಳೆಯುತ್ತಿತ್ತು. ದೊಡ್ಡ ನೀರು ಬರುವ ದಿನ ಬೆಳಿಗ್ಗೆ ಅದು ಅಷ್ಟೇ ದೂರ ಹಿಂದಕ್ಕೆ ಹೋಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

"ಎಲ್ಲೈತಿ ನಿನ್ನ ನೀರು? ಕರಿ, ಬರಲಿ ನೋಡೂನು."

ಎಲ್ಲರೂ ಗೊಳ್ಳೆಂದರು. ಗುದ್ದಲಿ, ಖುರಪಿ, ತಾಟು, ಸಿಕ್ಕಿದ್ದು ತೆಗೆದುಕೊಂಡು ಹೆಂಗಸರು ಮಕ್ಕಳು ಬುಡಕ್ಕೆ ಇಳಿದರು. ದೊಡ್ಡ ಎತ್ತು ಮಾಡಬೇಕು, ಪಕ್ಕದ ಮನೆಯದಕ್ಕಿಂತ ದೊಡ್ಡದು! ಮುಕಾದಮನ ಮಗಳಾದ ನಾನು ಎಲ್ಲರಿಗಿಂತ ಆಳಕ್ಕೆ ಅಗೆದು ನಾಲ್ಕು ಬುಟ್ಟಿ ಹೊತ್ತೆ. ನಮ್ಮ ಮನೆಯ ಹಿಂದೆ, ಒಡ್ಡಿನ ಕೆಳಗೆ, ನಾನು ಒಳಗೆ ಕೂರಬಹುದಾದಷ್ಟು ದೊಡ್ಡ ಗವಿಯಾಯಿತು. ಅದರಲ್ಲಿ ಕೂತು ಅಪ್ಪನನ್ನು ಕೂಗಿ ತೋರಿಸಿದೆ. "ಭಲೇ ಮಗನ!" ಎಂದ.

ಪೂಜೆಯ ಹೊತ್ತಿಗೆ ಮಳೆ ಜೋರಾಗಿತ್ತು. ಮಣೆಯ ಮೇಲೆ ಎತ್ತುಗಳನ್ನಿಟ್ಟು, ಕೊಂಬಿಗೆ ಅರಿಷಿಣ ಹಚ್ಚಿ, ಅಪ್ಪ ಕಾಯಿ ಒಡೆಯಲು ಕೂತಿದ್ದ. ಹಿತ್ತಲ ಕಡೆ ಏನೋ ಕುಸಿದ ಸದ್ದಾಯಿತು, ದೊಡ್ಡ ಸದ್ದೇನಲ್ಲ, ಹಿಟ್ಟಿನ ಚೀಲ ಕೆಳಗಿಟ್ಟಷ್ಟು. ಮರುಕ್ಷಣ ತಟ್ಟಿಯ ಸಂದಿನಿಂದ ನೀರು ಒಳಗೆ ಬಂತು. ಮಣೆ ತೇಲಿತು. ಎತ್ತುಗಳು ಮೊದಲು ಕಾಲು ಕಳೆದುಕೊಂಡು ಕೂತವು, ಆಮೇಲೆ ಮುಖ ಹೋಯಿತು. ಆಮೇಲೆ ತಟ್ಟಿಯೇ ಹೋಯಿತು. ಅಪ್ಪ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಓಡಿದ. ನಿಜ ಹೇಳುತ್ತೇನೆ, ಅವನು ತನ್ನ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಉಪ್ಪಿನ ಗದ್ದೆಯ ಎತ್ತರದ ದಾರಿಯ ಮೇಲೆ ನಿಂತು ಹಿಂದಿರುಗಿ ನೋಡಿದರೆ ಸಾಲಿನ ಪತ್ರಾಗಳು ಒಂದರ ಮೇಲೊಂದು ಬೀಳುತ್ತಿದ್ದವು, ಆಡುಗಳು ಕಟ್ಟಿದಲ್ಲೇ ಒದರಿ ಸುಮ್ಮನಾದವು, ವರ್ಷದ ಜೋಳ ಡಬ್ಬಿ ಸಮೇತ ಖಾಡಿಗೆ ಹೋಗುತ್ತಿತ್ತು. ಎಲ್ಲರ ಕೊನೆಗೆ, ಎದೆಮಟ್ಟದ ನೀರಿನಲ್ಲಿ ಅವ್ವ ಬಂದಳು. ಬೆನ್ನ ಮೇಲೆ ಆಯಿ. ಮುದುಕಿಯ ಎರಡೂ ಕೈ ಅವ್ವನ ಕುತ್ತಿಗೆಗೆ ಬಿಗಿದಿದ್ದವು.

ಮೂರು ಗಂಟೆಯ ಮೇಲೆ ನೀರು ಬಂದ ದಾರಿಯಲ್ಲೇ ಇಳಿಯಿತು. ಸಾಲಿನ ಮಂದಿ ಕೆಸರಿಗೆ ಇಳಿದು ತಮ್ಮ ತಮ್ಮ ಮನೆ ಇದ್ದ ಜಾಗ ಹುಡುಕಿದರು. ಆಮೇಲೆ ಒಬ್ಬೊಬ್ಬರಾಗಿ ಅಪ್ಪನ ಸುತ್ತ ಬಂದು ನಿಂತರು. ಅಲ್ಲಿಯವರೆಗೆ ಅವನ ಮುಂದೆ ತಲೆಯೆತ್ತದ ಮಂದಿ ಹಲ್ಲು ಕಡಿಯುತ್ತಿದ್ದರು.

"ಮುಕಾದಮಾ, ಒಡ್ಡ ಗಟ್ಟಿ ಐತಿ ಅಂತ ನೀ ಕರಕೊಂಡ ಬಂದಿ. ಹೆಂಗ ಒಡೀತು ಹೇಳು."

ಅಪ್ಪನ ಮುಖ ಬೂದಿಯಾಗಿತ್ತು. ಬೆಳಿಗ್ಗೆ ಅಗೆಯಿರಿ ಎಂದವನು ಅವನು, ಅಗೆದವರು ಅವರೆಲ್ಲರೂ. ಎಲ್ಲರಿಗೂ ಅದು ಗೊತ್ತಿತ್ತು, ಆದ್ದರಿಂದಲೇ ಎಲ್ಲರಿಗೂ ಬೇರೊಂದು ಉತ್ತರ ಬೇಕಾಗಿತ್ತು. ಅವನು ಬಗ್ಗಿ ನನ್ನ ಭುಜ ಹಿಡಿದ.

"ನೀ ಹೇಳು ಮಗನ. ಯಾರಿಗೂ ಹೆದರಬ್ಯಾಡ. ಇಷ್ಟ ತಿಂಗಳಿಂದ ದಿನಾ ಖುರಪಿ ತಗೊಂಡು ಒಡ್ಡಿನ ಬುಡಾ ಕೆದರಿದಾಕಿ ಯಾರು?"

ಪ್ರಶ್ನೆಯನ್ನು ಎಷ್ಟು ಚೆನ್ನಾಗಿ ಕಟ್ಟಿದ್ದ ನೋಡಿ. ಅವ್ವ ಆಯಿಯನ್ನು ದಾರಿಯ ಮೇಲೆ ಕೂರಿಸಿ ಸೆರಗಿನಿಂದ ಅವಳ ತಲೆ ಒರೆಸುತ್ತಿದ್ದಳು. ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. ನನ್ನ ಉಗುರಿನ ಸಂದಿನಲ್ಲಿ ಬೆಳಗಿನ ಕರಿ ಮಣ್ಣು ಇನ್ನೂ ಹಾಗೇ ಇತ್ತು. ನಾನು ಮುಷ್ಟಿ ಮುಚ್ಚಿಕೊಂಡೆ.

"ಅವ್ವ" ಎಂದೆ.

ಮಂದಿಯೊಳಗೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಬೆಳಿಗ್ಗೆ ನನ್ನ ಪಕ್ಕದಲ್ಲೇ ಗುದ್ದಲಿ ಹಿಡಿದಿದ್ದ ಹೆಂಗಸೊಬ್ಬಳು ಎಲ್ಲರಿಗಿಂತ ಮೊದಲು ಥೂ ಎಂದು ಉಗುಳಿದಳು. ಅವ್ವ ಆಯಿಯ ಕಡೆ ತಿರುಗಿ, ಎಂದೂ ಬೇಡದವಳು, ಬೇಡಿಕೊಂಡಳು:

"ಅತ್ತೀ, ನೀವರೆ ಹೇಳ್ರಿ. ಮುಂಜಾನೆ ಎಲ್ಲಾ ಕೇಳ್ಸಿಕೊಂಡೀರಿ ನೀವು."

ಆಯಿ ಅವ್ವನ ಒದ್ದೆ ಸೆರಗನ್ನು ಹೊದ್ದುಕೊಂಡೇ ಕೂತಿದ್ದಳು. ನಡುಗುತ್ತಿದ್ದಳು, ಆದರೂ ನಾಲಿಗೆ ತಡವರಿಸಲಿಲ್ಲ.

"ಹೌದು, ಈಕಿನ ಅಗದಾಕಿ. ದಿನಾ ಹೊಕ್ಕಿದ್ಲು. ನಾ ಕಣ್ಣಾರೆ ನೋಡೀನಿ."

ಹೊರಸಿನಿಂದ ಏಳಲಾಗದ ಮುದುಕಿ ಒಡ್ಡಿನಾಚೆಯದನ್ನು ಹೇಗೆ ಕಂಡಳು ಎಂದು ಯಾರೂ ಕೇಳಲಿಲ್ಲ.

ಮರುದಿನ ಸೊಲ್ಲಾಪುರದ ಕಡೆ ಹೊರಟಿದ್ದ ಒಬ್ಬರ ಜೊತೆ ಅವ್ವನನ್ನು ತವರಿನ ರೈಲು ಹತ್ತಲು ದಾದರಿಗೆ ಕಳಿಸಿದರು. ಗಂಟು ಕಟ್ಟಲು ಏನೂ ಉಳಿದಿರಲಿಲ್ಲ, ಬರಿಗೈಯಲ್ಲಿ ಹೋದಳು. ದಹಿಸರ ಸ್ಟೇಶನ್ನಿನವರೆಗೆ ಹೌಸಾಬಾಯಿ ಜೊತೆಗೆ ನಡೆದಳಂತೆ. ನಾನು ಹೋಗಲಿಲ್ಲ. ಅಪ್ಪ ಅವತ್ತೇ ಊರ ದೈವಕ್ಕೆ ಕಾಗದ ಬರೆಸಿದ, ಮಗಳೇ ಸಾಕ್ಷಿ ಎಂದು. ದೀಪಾವಳಿಗೆ ಹೊಸ ಹೆಂಡತಿ ಬಂದಳು. ಅವಳು ಎರಡು ಗಂಡು ಹೆತ್ತಳು. ಮೊದಲನೆಯದು ಕೂತು ಉಣ್ಣುವಷ್ಟಾದ ದಿನ ಅಪ್ಪನ ತಾಟಿನ ಪಕ್ಕದ ನನ್ನ ಜಾಗ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು ಎಂದು ಇಲ್ಲಿ ಬರೆದರೆ ಓದುವವರಿಗೆ ಹಿತವಾಗಬಹುದು. ಆದರೆ ಅವತ್ತು ನಾನು ಅತ್ತದ್ದು ಅವ್ವನಿಗಾಗಿ ಅಲ್ಲ, ತುಪ್ಪಕ್ಕಾಗಿ. ಆಮೇಲೆ ಶಾಲೆಯಲ್ಲಿ, ಆಫೀಸಿನಲ್ಲಿ, ಈಗ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿಯೂ, ಜಗಳ ಎದ್ದ ಕೂಡಲೇ ನನ್ನ ಕಣ್ಣು ಕೋಲು ಯಾರ ಕೈಯಲ್ಲಿದೆ ಎಂದು ಮೊದಲು ಹುಡುಕುತ್ತದೆ. ಆ ಮನೆ ನನಗೆ ಕಲಿಸಿಕೊಟ್ಟ ವಿದ್ಯೆ ಅದೊಂದೇ.

ಒಡೆದ ಒಡ್ಡನ್ನು ಯಾರೂ ಮತ್ತೆ ಕಟ್ಟಲಿಲ್ಲ. ಸಾಲಿನವರು ರೈಲು ಹಳಿಯ ಆಚೆಗೆ ಹೋಗಿ ಒಂದು ಚಾಳ್ ಹಿಡಿದರು. ನನಗೆ ಇಪ್ಪತ್ತು ತುಂಬಿದ ವರ್ಷ ಫೋರ್ಟಿನ ಆಫೀಸೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು, ಅದೇ ವರ್ಷ ಲಗ್ನವೂ ಗೊತ್ತಾಯಿತು. ಒಂದು ರವಿವಾರ ಸುಮ್ಮನೆ ಖಾಡಿಯ ಕಡೆ ಹೋದೆ. ಮನೆ ಇದ್ದ ಜಾಗ ಹುಡುಕಬೇಕಾಯಿತು. ಒಡ್ಡಿನ ಎರಡು ತುಂಡು ಮಾತ್ರ ಉಳಿದು, ನಡುವೆ ನೀರು ಹೋಗಿ ಬಂದು ಮಾಡುತ್ತಿತ್ತು. ಆ ನೀರು ತಂದು ಹಾಕಿದ ಬೀಜದಿಂದ ನಮ್ಮ ಸಾಲಿನ ಉದ್ದಕ್ಕೂ ತಿವರ ಎದ್ದು ನಿಂತಿತ್ತು, ನನ್ನ ತಲೆಗಿಂತ ಎತ್ತರ. ಒಲೆಯ ಮೂರು ಕಲ್ಲು ಕೆಸರಿನಲ್ಲಿ ಹಾಗೇ ಇದ್ದವು. ಅವುಗಳ ನಡುವಿನಿಂದ ಆ ಪೆನ್ಸಿಲ್ ಬೇರುಗಳು ಮೇಲೆ ಬಂದು ನಿಂತಿದ್ದವು, ಬುಡದಲ್ಲಿ ಏಡಿಮರಿಗಳು ಓಡಾಡುತ್ತಿದ್ದವು. ಮಾರನೆಯ ವಾರವೇ ರಜೆ ಹಾಕಿ, ಲಗ್ನಪತ್ರಿಕೆ ತೆಗೆದುಕೊಂಡು, ಹನ್ನೊಂದು ವರ್ಷದ ಮೇಲೆ ಅವ್ವನ ತವರಿಗೆ ಹೋದೆ.

ಅವಳ ಅಣ್ಣನ ಮನೆಯ ಹಿತ್ತಲಲ್ಲಿ ಒಂದು ಛಪ್ಪರ, ಅದರ ಕೆಳಗೆ ಒಂದು ಒಲೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ಬರಲಿಲ್ಲ, ಅಳಲಿಲ್ಲ. "ಕೈಕಾಲ ತೊಳಕೋ" ಎಂದು ತಾಟು ಇಟ್ಟಳು. ಪತ್ರಿಕೆಯನ್ನು ಒಲೆಯಿಂದ ದೂರ, ಗೂಡಿನಲ್ಲಿ ಜೋಪಾನವಾಗಿಟ್ಟಳು. ಮೊದಲು ಗಿಡದ ವಿಷಯ ಹೇಳಿದೆ, ಒಲೆಗಲ್ಲಿನ ನಡುವೆ ಬೇರು ಎದ್ದಿದೆ, ಯಾರೂ ನೆಟ್ಟಿಲ್ಲ, ತಾವೇ ಬಂದಿವೆ ಎಂದೆ. ಅವ್ವನ ಮುಖ ಒಮ್ಮೆ ಅರಳಿತು.

"ಹಂಗಾರ ಬಂದವು! ಹೌಸಾಬಾಯಿ ಹೇಳಿದ್ಲು, ಬಿಟ್ರ ಸಾಕು, ತಾವ ಬರ್ತಾವಂತ."

ಆ ನಗೆ ನೋಡಿ ನನಗೆ ಧೈರ್ಯ ಬಂತು. ಅವ್ವಾ, ಅವತ್ತು ನನಗೇನೂ ತಿಳಿಯುತ್ತಿರಲಿಲ್ಲ, ಒಂಬತ್ತು ವರ್ಷದವಳು ನಾನು, ಅಪ್ಪನ ಅಂಜಿಕೆಗೆ ಹಾಗಂದೆ, ಹೊಟ್ಟೆಗೆ ಹಾಕಿಕೋ ಎಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು. ಅವ್ವ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು, ಎರಡೂ ಕಡೆ ಬೇಯುವವರೆಗೆ ಕಾದಳು, ತೆಗೆದು ನನ್ನ ತಾಟಿಗೆ ಹಾಕಿದಳು. ಅದರ ಮೇಲೆ ತುಪ್ಪ ಹಾಕಿದಳು, ಎರಡು ಬೆರಳಷ್ಟು.

"ಒಂಬತ್ತ ವರ್ಷದ ಹುಡುಗಿ, ಅದಕ್ಕೇನ ತಿಳೀತಿತ್ತು ಅಂತ ಇಲ್ಲಿ ಮಂದೀನೂ ಅಂತಾರ, ನಮ್ಮಣ್ಣಾನೂ ಅಂತಾನ" ಎಂದಳು. "ನಾ ಅನ್ನಾಂಗಿಲ್ಲ. ನಿನಗ ತಿಳೀತಿತ್ತು, ಸಾವಿ. ಉಣ್ಣು, ಆರತದ."

ಉಂಡೆ. ಲಗ್ನಕ್ಕೆ ಅವಳು ಬರಲಿಲ್ಲ.